ಕೌದಿ ಹೊಲಿಯುವವರಿಗೆ ರೋಟರಿ ಕಟರ್ ಬೇಕಾ?

ಕಲಬುರಗಿ ಕಡೆ ಕೌದಿ ಹೊಲಿಯುವ ಮನೆಗಳಲ್ಲಿ ಇವತ್ತಿಗೂ ಕತ್ತರಿಯೇ ಜಾಸ್ತಿ. ಹಳೆ ಸೀರೆ, ಧೋತರ ತುಂಡು ಮಾಡಿ ಕೈಹೊಲಿಗೆ ಹಾಕುವುದಕ್ಕೆ ಅದು ಸಾಕು ಬಿಡಿ. ಆದರೆ ಒಂದೇ ಅಳತೆಯ ಚೌಕಗಳು ರಾಶಿ ಬೇಕು ಅಂದರೆ ರೋಟರಿ ಕಟರ್, ಅಂದರೆ ಬಟ್ಟೆ ಮೇಲೆ ಚಕ್ರದಂತೆ ಉರುಳಿ ಕತ್ತರಿಸುವ ದುಂಡು ಬ್ಲೇಡಿನ ಸಾಧನ ತಗೊಳ್ಳಿ.

ನನ್ನದು ಓಲ್ಫಾದ 45 ಮಿ.ಮೀ. ಬ್ಲೇಡಿನದು. 1979ರಲ್ಲಿ ಇಂಥ ಕಟರ್ ಮೊದಲು ತಂದದ್ದೂ ಇದೇ ಜಪಾನಿ ಕಂಪನಿ. ಹಿಡಿಕೆ ಒತ್ತಿ ಹಿಡಿದರೆ ಬ್ಲೇಡ್ ಹೊರಗೆ, ಕೈ ಸಡಿಲ ಬಿಟ್ಟರೆ ಒಳಗೆ. ಲಾಕ್ ಕೂಡ ಇದೆ, ಮಕ್ಕಳಿರುವ ಮನೆಗೆ ಇಂಥದ್ದೇ ಸರಿ. ಎಡಗೈಯವರಿಗೂ ನಡೆಯುತ್ತದೆ.

ಹತ್ತಿ ಬಟ್ಟೆಯ ನಾಲ್ಕು ಪದರ ಸಲೀಸಾಗಿ ಕತ್ತರಿಸುತ್ತದೆ. ಆದರೆ ಗೆರೆ ನೇರ ಬರುವುದು ಸ್ಕೇಲಿನಿಂದ. ಶಾಲೆ ಮಕ್ಕಳ ತೆಳು ಸ್ಕೇಲ್ ಇಟ್ಟರೆ ಬ್ಲೇಡ್ ಅದರ ಮೇಲೆ ಹತ್ತಿಬಿಡುತ್ತದೆ, ಬೆರಳು ಅಲ್ಲೇ ಇರುತ್ತದೆ ಅಲ್ವಾ? ದಪ್ಪ ಅಕ್ರಿಲಿಕ್ ಸ್ಕೇಲೇ ಬೇಕು. ಕಟರನ್ನು ಯಾವಾಗಲೂ ಮುಂದಕ್ಕೆ ತಳ್ಳಿ, ಮೈ ಕಡೆ ಎಳೆಯಬೇಡಿ.

ಬ್ಲೇಡ್ ಗುಂಡುಪಿನ್ನಿನ ಮೇಲೆ ಹಾಯ್ದರೆ ಸಣ್ಣ ಕಚ್ಚು ಬೀಳುತ್ತದೆ. ಆಮೇಲೆ ನೋಡಿ, ಬ್ಲೇಡ್ ಒಂದು ಸುತ್ತು ತಿರುಗಿದಾಗೆಲ್ಲ ಅದೇ ಅಂತರದಲ್ಲಿ ಒಂದೆರಡು ಎಳೆ ಕತ್ತರಿಸದೆ ಉಳಿದಿರುತ್ತವೆ. ಬಲ ಹಾಕಿ ಒತ್ತುವ ಬದಲು ಬ್ಲೇಡ್ ಬದಲಿಸಿ. ಹೊಸ ಬ್ಲೇಡ್ ಅಗ್ಗವೇನಲ್ಲ, ಇದೊಂದೇ ನನ್ನ ತಕರಾರು.

ಕೆಳಗೆ ಹಾಸುವ ಕಟಿಂಗ್ ಮ್ಯಾಟನ್ನು ಬಿಸಿಲಿಗೆ ಬಿಡಬೇಡಿ. ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮ್ಯಾಟ್ ಸೊಟ್ಟಗಾದರೆ ಮತ್ತೆ ನೆಟ್ಟಗಾಗುವುದು ಕಷ್ಟ. ಗೋಡೆಗೆ ಒರಗಿಸದೆ ಮಂಚದ ಕೆಳಗೆ ಸಮನಾಗಿ ಮಲಗಿಸಿಡಿ.