ಕೀಟೋನೇ ಮುಂದುವರಿಸೋದಾ, ಅನ್ನ ಅರ್ಧ ಮಾಡಿದರೆ ಸಾಕಾ?

ಮೂರು ತಿಂಗಳ ಕೀಟೋದಲ್ಲಿ (ಅನ್ನ, ರೊಟ್ಟಿ ತೀರಾ ಕಡಿಮೆ ಮಾಡಿ ಕೊಬ್ಬು ಜಾಸ್ತಿ ತಿನ್ನುವ ಊಟದ ಕ್ರಮ) ತೂಕ ಇಳಿದಿದೆ, ವರ್ಷಗಟ್ಟಲೆ ಹೀಗೇ ಇರಲಾ ಅಂತ ಕೇಳಿದ್ದೀರಿ. ಇನ್ನೊಂದು ದಾರಿಯೂ ಇದೆ: ಅನ್ನ ಅರ್ಧ ಮಾಡಿ, ಕಾಳು, ಸೊಪ್ಪು, ಮೊಟ್ಟೆ ಜಾಸ್ತಿ ತಿನ್ನುವುದು.

ಮೊದಲ ತಿಂಗಳುಗಳಲ್ಲಿ ಕೀಟೋ ಬೇಗ ಇಳಿಸುತ್ತದೆ, ಅದರಲ್ಲಿ ನೀರಿನ ತೂಕವೂ ಸೇರಿರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಎರಡರ ನಡುವಿನ ವ್ಯತ್ಯಾಸ ಸಣ್ಣದಾಗುತ್ತದೆ.

ನಿಜವಾದ ಕಷ್ಟ ಊಟದ ತಟ್ಟೆಯಲ್ಲಿದೆ. ಕೀಟೋದಲ್ಲಿ ದಿನಕ್ಕೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ) 20ರಿಂದ 50 ಗ್ರಾಂ ಅಷ್ಟೇ. ಒಂದು ಬಟ್ಟಲು ಅನ್ನದಲ್ಲೇ ಸುಮಾರು 45 ಗ್ರಾಂ ಇರುತ್ತದೆ. ದರ್ಶಿನಿಯಲ್ಲಿ ನಿಂತು ಎರಡು ಇಡ್ಲಿ ತಿಂದರೆ ಅರ್ಧ ಲೆಕ್ಕ ಮುಗಿಯಿತು. ಡಿಸೆಂಬರ್‌ನಲ್ಲಿ ಮನೆಯವರೆಲ್ಲ ಹಿತಕಿದ ಅವರೆಬೇಳೆ ಸಾರಿಗೆ ಮುದ್ದೆ ಮುರಿಯುವಾಗ ನೀವೊಬ್ಬರೇ ಪನೀರ್ ತಿನ್ನಬೇಕು, ಅದು ಸುಲಭ ಅಲ್ಲ ಅಲ್ವಾ? ಎರಡನೇ ದಾರಿಯಲ್ಲಿ ಸಣ್ಣ ಮುದ್ದೆಗೆ ಜಾಗ ಇದೆ. ನಾರಿನಂಶವೂ ಸಿಗುತ್ತದೆ, ಮಲಬದ್ಧತೆ ಕಾಡುವುದು ಕಡಿಮೆ.

ಖರ್ಚಿನಲ್ಲಿ ರಾಗಿ, ಹುರುಳಿಯ ಮುಂದೆ ಬಾದಾಮಿ ಹಿಟ್ಟು ನಿಲ್ಲುವುದಿಲ್ಲ.

ಶುಗರ್ ಇರುವವರಿಗೆ ಕೀಟೋದಿಂದ ಲಾಭ ಆಗಬಹುದು. ಆದರೆ ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ತಿದ್ದರೆ ಡಾಕ್ಟರನ್ನು ಕೇಳದೆ ದಯವಿಟ್ಟು ಮಾಡಬೇಡಿ, ಶುಗರ್ ದಿಢೀರನೆ ಇಳಿಯಬಹುದು. ಕೆಲವರಿಗೆ ಕೀಟೋದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ತುಂಬಾ ಏರುತ್ತದೆ. ಮನೆಯಲ್ಲಿ ಹೃದಯದ ಕಾಯಿಲೆ ಇದ್ದರೆ, ಕಿಡ್ನಿ ಕಲ್ಲು ಆಗಿದ್ದರೆ ನಾನಂತೂ ಎರಡನೇ ದಾರಿಯನ್ನೇ ಹೇಳುತ್ತೇನೆ.

ಮೊಟ್ಟೆ, ಮೀನು ಇಷ್ಟಪಟ್ಟು ತಿನ್ನುವವರಾದರೆ, ರಕ್ತಪರೀಕ್ಷೆ ಸರಿಯಿದ್ದರೆ, ಇನ್ನೊಂದು ಮೂರು ತಿಂಗಳು ಕೀಟೋ ನಡೆಸಿ. ಆಮೇಲೆ ಮತ್ತೆ ಲಿಪಿಡ್ ಟೆಸ್ಟ್ (ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆ) ಮಾಡಿಸಿ.