ಮೈಕಿನ ಕಿವಿಗೆ ‘ಐತಿ’ ಬೀಳುತ್ತದೆಯೇ? ಫೋನಿನ ಕನ್ನಡ ಧ್ವನಿ ಟೈಪಿಂಗ್, ನಮ್ಮ ಮೂರು ಜಿಲ್ಲೆಗಳ ಮಾತಿನಲ್ಲಿ

ಆಂಡ್ರಾಯ್ಡ್ ಫೋನಿನ ಕೀಬೋರ್ಡಿನ ಜೊತೆಗೇ ಬರುವ ಕನ್ನಡ ಧ್ವನಿ ಟೈಪಿಂಗ್ ಪುಕ್ಕಟೆ. ಒತ್ತಕ್ಷರ ಹುಡುಕಿ ಹುಡುಕಿ ಬೇಸತ್ತವರಿಗೆ, ಕಣ್ಣು ಮಂಜಾದ ಹಿರಿಯರಿಗೆ ಅದು ದೊಡ್ಡ ಆಸರೆ. ಪುಸ್ತಕದ ಕನ್ನಡ ಓದಿ ಹೇಳಿದರೆ ಬಹುಮಟ್ಟಿಗೆ ಸರಿಯಾಗಿಯೇ ಬರೆಯುತ್ತದೆ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಂದಿ, ಅಂದರೆ ಬೈಲಹೊಂಗಲ, ಜಮಖಂಡಿ, ಇಂಡಿ ಊರುಗಳ ಕಡೆಯವರು, ಮನೆಯಲ್ಲಿ ಆಡುವಂತೆಯೇ ಆಡಿದರೆ ಪರದೆಯ ಮೇಲೆ ಏನು ಬೀಳುತ್ತದೆ ಎಂಬುದೇ ನಮಗೆ ಮುಖ್ಯ. ಹೆಸರುಪದಗಳು ಹೆಚ್ಚಾಗಿ ಸರಿ ಬರುತ್ತವೆ, ಕ್ರಿಯಾಪದದ ಕೊನೆಯಲ್ಲಿ ಎಡವುತ್ತದೆ. ಅರ್ಥವೇ ಆಗದ ಸಾಲು ಬಂದರೆ ಯಾರಾದರೂ ಅಳಿಸಿ ಮತ್ತೆ ಹೇಳುತ್ತಾರೆ. ನೋಡಲು ಚೆಂದ ಇದ್ದು ಅರ್ಥ ಬೇರೆಯಾದ ಸಾಲೇ ಅಪಾಯದ್ದು, ಅದು ಹಾಗೇ ಹೋಗಿಬಿಡುತ್ತದೆ.

ಮೊದಲು ಸೆಟ್ಟಿಂಗ್ ನೋಡಿಕೊಳ್ಳಿ. ಕೀಬೋರ್ಡಿನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೆ ಕೆಲಸ ಮುಗಿಯುವುದಿಲ್ಲ, ಧ್ವನಿ ಟೈಪಿಂಗ್ ಅನ್ನುವ ಬೇರೆ ಪುಟದಲ್ಲೂ ಕನ್ನಡಕ್ಕೆ ಗುರುತು ಹಾಕಬೇಕು. ಮೈಕ್ ಒತ್ತುವ ಮುಂಚೆ ಸ್ಪೇಸ್ ಬಾರಿನ ಮೇಲೆ ‘ಕನ್ನಡ’ ಅಂತ ಕಾಣುತ್ತಿರಬೇಕು. ಅಲ್ಲಿ ಇಂಗ್ಲಿಷ್ ಇದ್ದರೆ ನಿಮ್ಮ ಮಾತಿಗೆ ಹತ್ತಿರದ ಇಂಗ್ಲಿಷ್ ಪದಗಳನ್ನು ಪೋಣಿಸಿ ಕೊಡುತ್ತದೆ. ‘ಇದಕ್ಕ ನಮ್ಮ ಮಾತ ತಿಳಿಯಂಗಿಲ್ಲ’ ಎಂದು ಬಹಳ ಮಂದಿ ಕೈಬಿಡುವುದು ಈ ಹಂತದಲ್ಲೇ, ತಪ್ಪು ಮಾತಿನದಲ್ಲ. ಸಿಗ್ನಲ್ ಒಂದೇ ಗೆರೆ ಇರುವ ಹೊಲದ ಬದುವಿನಲ್ಲಿ ವಾಕ್ಯದ ಬಾಲ ತುಂಡಾಗುವುದೂ ಉಂಟು.

ಇನ್ನು ಮಾತು. ನಮ್ಮ ಕಡೆ ಪದದ ಕೊನೆಯ ‘ಎ’ ಹೆಚ್ಚಾಗಿ ‘ಇ’ ಆಗುತ್ತದೆ: ಮನಿ, ಮಳಿ, ಬೆಳಿ, ಎಲಿ. ಇವುಗಳಲ್ಲಿ ‘ಮನಿ’, ‘ಮಳಿ’ಗಳಿಗೆ ತೊಂದರೆ ಕಡಿಮೆ, ಅವನ್ನು ಮನೆ, ಮಳೆ ಎಂದು ತಿದ್ದಿಕೊಂಡು ಬರೆಯುತ್ತದೆ. ‘ಬೆಳಿ’ ಹಾಗಲ್ಲ. ‘ಬೆಳಿ ವಿಮಾ ತುಂಬೀನಿ’ ಅಂದರೆ ‘ಬೆಳೆ ವಿಮಾ’ ಎಂದು ಸರಿಯಾಗಿ ಬರುತ್ತದೆ, ಯಾಕೆಂದರೆ ಆ ಎರಡು ಪದ ಜೋಡಿಯಾಗಿ ಸಾವಿರಾರು ಕಡೆ ಬರೆದಿಟ್ಟಿವೆ. ‘ಬೆಳಿ ಚಲೋ ಐತಿ’ ಅಂದಾಗ ಆ ಜೋಡಿ ಪದ ಇರುವುದಿಲ್ಲ, ಬೆಳೆ ಹೋಗಿ ‘ಬಿಳಿ’ ಆಗುತ್ತದೆ. ‘ಎಲಿ ತಗೊಂಡ ಬಾ’ ಎಂಬುದು ‘ಎಲ್ಲಿ ತಗೊಂಡು ಬಾ’ ಆಗಿ ಹೋಗುತ್ತದೆ. ಪದದ ನಡುವಿನ ‘ಏ’ಕಾರ ನಮ್ಮ ಬಾಯಲ್ಲಿ ‘ಯಾ’ ಆಗುವ ಕಡೆಯೂ ಇದೇ ಗೋಳು: ‘ಪ್ಯಾಟಿಗಿ ಹೊಂಟೀನಿ’ (ಪೇಟೆಗೆ ಹೊರಟಿದ್ದೇನೆ) ಅಂದ ರೈತನನ್ನು ಅದು ‘ಪಾರ್ಟಿಗೆ’ ಕಳಿಸುತ್ತದೆ.

ನಿಜವಾದ ಪರೀಕ್ಷೆ ಕ್ರಿಯಾಪದದ್ದು. ಬೆಳಗಾವಿ, ಬಾಗಲಕೋಟೆ ಕಡೆ ಹೆಚ್ಚಾಗಿ ‘ಐತಿ’, ವಿಜಯಪುರ ಕಡೆ ಹೆಚ್ಚಾಗಿ ‘ಅದ’. ಎರಡರ ಅರ್ಥವೂ ‘ಇದೆ’. ‘ರೊಕ್ಕ ಐತಿ’ ಅಂದರೆ ‘ರೊಕ್ಕ ಆಯ್ತು’ ಎಂದು ಬಂದೀತು. ಇರುವ ದುಡ್ಡು ಮುಗಿದ ದುಡ್ಡೋ ಸಂದ ದುಡ್ಡೋ ತಿಳಿಯದಂತಾಗುತ್ತದೆ. ‘ಕೀಲಿ ಮನ್ಯಾಗ ಅದ’ ಎಂಬುದರ ‘ಅದ’ ಮುಂದಿನ ವಾಕ್ಯದ ‘ಅದು’ ಆಗಿ ಅಲ್ಲಿಗೆ ಅಂಟಿಕೊಳ್ಳುತ್ತದೆ. ‘ಬಂದಾನ’ ಅಂದರೆ ಬಂದಿದ್ದಾನೆ. ಮೈಕ್ ಅದನ್ನು ‘ಬಂದನಾ’ ಎಂದು ಕೇಳಿಸಿಕೊಂಡರೆ ಉತ್ತರವೇ ಪ್ರಶ್ನೆಯಾಗುತ್ತದೆ. ‘ಹೋಗ್ಯಾರ’ ಒಡೆದು ‘ಹೋಗಿ ಯಾರ’ ಆಗುತ್ತದೆ. ‘ಮಾಡುತ್ತಿದ್ದೇನೆ’ ಎಂಬರ್ಥದ ‘ಮಾಡಾಕತ್ತೀನಿ’, ‘ಮಾಡ್ಲಿಕತ್ತೀನಿ’ ಎರಡೂ ಚೂರುಚೂರಾಗಿ ಬರುತ್ತವೆ, ಓದುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಂಗಿಲ್ಲ’ದ ವಿಷಯದಲ್ಲಿ. ‘ನಾಳಿ ನೀರ ಬಿಡಂಗಿಲ್ಲ’ ಅಂದರೆ ನಮ್ಮಲ್ಲಿ ನಾಳೆ ನೀರು ಬಿಡುವುದಿಲ್ಲ ಎಂದಷ್ಟೇ ಅರ್ಥ. ದಕ್ಷಿಣದ ಕಿವಿಗೆ ಅದು ‘ಬಿಡೋ ಹಾಗಿಲ್ಲ’, ಅಂದರೆ ಬಿಡಕೂಡದು. ಇಲ್ಲಿ ಮೈಕ್ ಒಂದಕ್ಷರ ತಪ್ಪದೆ ಬರೆದರೂ ಮಂಡ್ಯದಿಂದ ವರ್ಗವಾಗಿ ಬಂದ ಅಧಿಕಾರಿ ಬೇರೆಯದನ್ನೇ ಓದಿಕೊಳ್ಳಬಹುದು. ಪಂಚಾಯಿತಿ ಗುಂಪಿಗೆ, ಶಾಲೆಯ ಗುಂಪಿಗೆ ಹೋಗುವ ಸಂದೇಶದಲ್ಲಿ ‘ಬಿಡುವುದಿಲ್ಲ’ ಎಂದೇ ಹೇಳುವುದು ಲೇಸು.

ಮರ್ಯಾದೆಯ ‘ರಿ’ ಕೂಡ ಇಲ್ಲಿ ಆಗಾಗ ಕಳೆದುಹೋಗುತ್ತದೆ. ಹೊರಗಿನವರಿಗೆ ನಮ್ಮ ಮಾತು ಗಡಸು, ಜಗಳದ ದನಿ ಅನ್ನಿಸುವುದು ಹೊಸದಲ್ಲ. ಆ ದನಿಯೊಳಗೆ ಸಾಲಿಗೊಂದು ‘ರಿ’ ಇರುವುದನ್ನು ಅವರು ಗಮನಿಸುವುದಿಲ್ಲ. ಮೈಕೂ ಗಮನಿಸುವುದಿಲ್ಲ. ‘ಬರ್ರಿ’ ಎಂಬುದು ‘ಬರಿ’ ಆಗುತ್ತದೆ, ‘ತಗೋರಿ’ ಎಂಬುದು ‘ತಗೋ’ದಲ್ಲೇ ನಿಲ್ಲುತ್ತದೆ. ಬೀಗರಿಗೆ ಕಳಿಸುವ ಸಂದೇಶವಾದರೆ ಪ್ರತಿ ‘ರಿ’ ಉಳಿದಿದೆಯೇ ಎಂದು ಓದಿ ನೋಡಿಯೇ ಕಳಿಸಬೇಕು.

ಇದೆಲ್ಲ ಯಾಕೆ ಹೀಗೆ? ಈ ತಂತ್ರ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಕೇಳಿದ ಸದ್ದು ಯಾವ ಅಕ್ಷರ ಇರಬಹುದು ಎಂದು ಊಹಿಸುವುದು ಒಂದು. ಹಿಂದಿನ ಪದದ ಮುಂದೆ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಎಂದು ತೂಗಿ ನೋಡುವುದು ಇನ್ನೊಂದು. ಎರಡನೆಯದಕ್ಕೆ ಆಧಾರ ಬರೆದಿಟ್ಟ ಕನ್ನಡ, ಅಂದರೆ ಪತ್ರಿಕೆ, ಪಠ್ಯ, ಸರ್ಕಾರಿ ಪ್ರಕಟಣೆಗಳದ್ದು. ಅಲ್ಲಿ ‘ಇದೆ’, ‘ಆಯಿತು’ ರಾಶಿರಾಶಿ ಇವೆ, ‘ಐತಿ’ ಕಡಿಮೆ. ಸದ್ದು ಸ್ವಲ್ಪ ಅಸ್ಪಷ್ಟವಾದರೆ ಸಾಕು, ಹೆಚ್ಚು ಬಾರಿ ನೋಡಿದ ಪದವನ್ನೇ ಆರಿಸಿಕೊಳ್ಳುತ್ತದೆ. ಬಾಯಿ ತಪ್ಪು ಮಾಡುತ್ತಿಲ್ಲ. ಓದಿಸಿದ್ದೇ ಅಷ್ಟು. ನಿಪ್ಪಾಣಿ, ಅಥಣಿ ಕಡೆ ಮರಾಠಿಯ ಜೊತೆ ಬೆಳೆದವರ ‘ಚ’, ‘ಜ’ ಹಲ್ಲಿನ ಹತ್ತಿರ ಹುಟ್ಟುವುದರಿಂದ ಅವರಿಗೆ ಮೊದಲ ಕೆಲಸದಲ್ಲೂ ತೊಡಕು: ‘ಚ’ ಹೋಗಿ ‘ಸ’ ಬಂದರೆ ಕಾರಣ ಇದೇ.

ದುಡ್ಡಿನ ಲೆಕ್ಕ ಮಾತ್ರ ಮೈಕಿನ ಮೇಲೆ ಬಿಡಬೇಡಿ. ದೀಡ (ಒಂದೂವರೆ), ಅಡೀಚ (ಎರಡೂವರೆ), ಸವ್ವಾ (ಒಂದೂಕಾಲು) ನಮ್ಮ ಸಂತೆಯ ನಿತ್ಯದ ಲೆಕ್ಕ. ‘ದೀಡ ಸಾವಿರ ಕೊಟ್ಟೀನಿ’ ಅಂದಾಗ ‘ದೀಡ’ ಅರ್ಥವಾಗದೆ ಬಿಟ್ಟುಹೋದರೆ ಉಳಿಯುವುದು ಬರೀ ‘ಸಾವಿರ’. ಅಲ್ಲಿಗೆ 500 ರೂಪಾಯಿ ಮಾಯ. ‘ಅಡೀಚ ಸಾವಿರ’ದಲ್ಲಿ ಹೋಗುವುದು 1500. ‘ಒಂದು ಸಾವಿರದ ಐದುನೂರು’, ‘ಎರಡು ಸಾವಿರದ ಐದುನೂರು’ ಎಂದು ಬಿಡಿಸಿ ಹೇಳಿದರೆ ತಪ್ಪು ಕಡಿಮೆ. ‘ಪಾವ ಕಿಲೋ’ ಬದಲು ‘ಇನ್ನೂರ ಐವತ್ತು ಗ್ರಾಂ’ ಅನ್ನಿ. ಅಡತಿ ಅಂಗಡಿಯ ಲೆಕ್ಕ, ಕಬ್ಬಿನ ಗ್ಯಾಂಗಿನ ಮುಂಗಡ, ಔಷಧದ ಪ್ರಮಾಣ ಇವನ್ನು ಅಂಕಿಯಲ್ಲಿ ಬೆರಳಿನಿಂದಲೇ ಒತ್ತಿ.

ಹೆಸರುಗಳಲ್ಲಿ ಸಣ್ಣದಾಗಿ ಕಾಣುವ ದೊಡ್ಡ ತಪ್ಪು ಒಂದಿದೆ. ನಾವು ಪಾಟೀಲ, ಗೋಕಾಕ ಎಂದು ಬರೆಯುವವರು, ಮೈಕ್ ಪಾಟೀಲ್, ಗೋಕಾಕ್ ಎಂದು ಕೊನೆಯ ಸ್ವರ ಕತ್ತರಿಸುತ್ತದೆ. ಸಂದೇಶದಲ್ಲಾದರೆ ನಡೆದೀತು. ಅರ್ಜಿಯಲ್ಲಿ ಉತಾರದ (ಪಹಣಿಯ) ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ತಾಳೆ ಆಗಬೇಕಾದ ಕಡೆ ಈ ಒಂದು ಗುರುತಿಗಾಗಿ ಕಾಗದ ಮರಳಿ ಬಂದೀತು. ತಾಲೂಕಿನ ಹೆಸರುಗಳು ಸಾಮಾನ್ಯವಾಗಿ ಸರಿ ಬರುತ್ತವೆ. ಸಣ್ಣ ಊರುಗಳ ಉದ್ದನೆಯ ಹೆಸರು ಒಡೆಯುತ್ತವೆ, ಯಮಕನಮರಡಿ ‘ಯಮಕನ ಮರಡಿ’ ಆದ ಹಾಗೆ.

ಒಳ್ಳೆಯ ಫಲಿತಾಂಶಕ್ಕೆ ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ‘ಪ’, ‘ಬ’ಗಳ ಉಸಿರು ಮೈಕಿಗೆ ಬಡಿಯುತ್ತದೆ. ಒಮ್ಮೆಗೆ ಆರೇಳು ಪದ ಹೇಳಿ, ಬಂದದ್ದನ್ನು ನೋಡಿ ಮುಂದೆ ಹೋಗಿ. ಮಕ್ಕಳಿಗೆ ಹೇಳಿಕೊಟ್ಟಂತೆ ಅಕ್ಷರ ಬಿಡಿಸಿ ಹೇಳಿದರೆ ಒಳ್ಳೆಯದಾಗುತ್ತದೆ ಎಂದುಕೊಳ್ಳುವವರೇ ಹೆಚ್ಚು, ಆದರೆ ಆಗುವುದು ತದ್ವಿರುದ್ಧ: ಒಂದೇ ಪದ ಎರಡಾಗಿ ಒಡೆಯುತ್ತದೆ. ಸಹಜ ವೇಗದಲ್ಲೇ ಹೇಳಿ, ಕ್ರಿಯಾಪದದ ಕೊನೆಯನ್ನು ಮಾತ್ರ ನುಂಗಬೇಡಿ. ಸಂಶಯದ ಪದಕ್ಕೆ ಜೋಡಿ ಪದ ಕೊಡಿ: ಬರೀ ‘ಬೆಳಿ’ ಅನ್ನದೆ ‘ಹೊಲದಾಗಿನ ಬೆಳಿ’, ಬರೀ ‘ಎಲಿ’ ಅನ್ನದೆ ‘ಎಲಿ ಅಡಕಿ’. ಗಿರಣಿ, ಪಂಪ್‌ಸೆಟ್ಟಿನ ಹತ್ತಿರ ಪ್ರಯತ್ನಿಸಬೇಡಿ.

ಪರಿಹಾರದ ದಾರಿ ಇದೆ, ಅದು ಬರೀ ಕಂಪನಿಗಳ ಕೈಯಲ್ಲಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಚಾಲನೆ ಕೊಟ್ಟ, ನಮ್ಮ ದೇಶದ ಭಾಷೆಗಳನ್ನು ಯಂತ್ರಕ್ಕೆ ಕಲಿಸುವ ಭಾಷಿಣಿ ಯೋಜನೆಯ ‘ಭಾಷಾದಾನ’ದಲ್ಲಿ ಯಾರು ಬೇಕಾದರೂ ತಮ್ಮ ದನಿ ಕೊಡಬಹುದು. ಅಲ್ಲಿನ ‘ಬೋಲೋ ಇಂಡಿಯಾ’ ವಿಭಾಗ ಬರೆದ ವಾಕ್ಯ ತೋರಿಸಿ ಓದಿಸುತ್ತದೆ. ನಮ್ಮ ದನಿ, ನಮ್ಮ ಉಚ್ಚಾರ ಅಲ್ಲಿಗೆ ತಲುಪುತ್ತದೆ. ‘ಇದೆ’ ಎಂದು ಬರೆದದ್ದನ್ನು ‘ಐತಿ’ ಎಂದು ಓದುವಂತಿಲ್ಲವಾದ್ದರಿಂದ ನಮ್ಮ ವ್ಯಾಕರಣ ತಲುಪುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಚಿತ್ರ ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ ಅನ್ನುತ್ತದೆ, ಜಿಲ್ಲೆ ಜಿಲ್ಲೆಯಿಂದ ಸಂಗ್ರಹಿಸುತ್ತದೆ. ನಮ್ಮಂಥ ಮಾತಿಗೆ ಬೇಕಾದದ್ದು ಈ ಎರಡನೆಯ ಬಗೆ, ಚಿತ್ರ ನೋಡಿದ ಬಾಯಿ ಪುಸ್ತಕದ ಕನ್ನಡ ಆಡುವುದಿಲ್ಲ.

ಕೊಳ್ಳುವ ಪ್ರಶ್ನೆ ಇಲ್ಲದ್ದರಿಂದ ಬಳಸುವ ಪ್ರಶ್ನೆ ಮಾತ್ರ ಉಳಿಯುತ್ತದೆ. ಹುಡುಕಾಟಕ್ಕೆ, ವಿಳಾಸ ಕೇಳಲು, ಉದ್ದನೆಯ ಪತ್ರದ ಮೊದಲ ಕರಡಿಗೆ ಧಾರಾಳವಾಗಿ ಬಳಸಿ, ಐದಕ್ಕೆ ನಾಲ್ಕು ಅಂಕ ಕೊಡಬಹುದು. ಮನೆಮಾತಿನಲ್ಲೇ ಬರೆಸಲು ಐದಕ್ಕೆ ಎರಡು. ಅವ್ವನಿಗೆ, ಕಾಕಾನಿಗೆ ಸುದ್ದಿ ಮುಟ್ಟಿಸುವುದಿದ್ದರೆ ಅಕ್ಷರದ ಗೊಡವೆ ಬಿಟ್ಟು ವಾಟ್ಸಾಪಿನ ಧ್ವನಿ ಸಂದೇಶವನ್ನೇ ಕಳಿಸಿ, ಅದರಲ್ಲಿ ‘ಐತಿ’ಯೂ ‘ರಿ’ಯೂ ಇದ್ದ ಹಾಗೇ ಹೋಗುತ್ತವೆ.