ಮೋರಿಯ ಕೆಂಪು ಹುಳವೋ, ಕುಂಟೆಯ ಮೊಯಿನಾವೋ, ಬಕೆಟ್ಟಿನ ಸೊಳ್ಳೆಮರಿಯೋ?

ಲೈವ್ ಫುಡ್, ಅಂದರೆ ಮೀನಿಗೆ ಹಾಕುವ ಜೀವಂತ ಆಹಾರ, ಅಂದ ಕೂಡಲೇ ಮೀನು ಸಾಕುವವರು ಕೇಳುವುದು ‘ಮೀನಿಗೆ ಯಾವುದು ಹೆಚ್ಚು ಇಷ್ಟ?’ ಎಂದು. ಇಷ್ಟದ ಮಾತಾದರೆ ಉತ್ತರ ಸುಲಭ: ಮೋರಿಯ ಕೆಸರಿನ ಕೆಂಪು ಹುಳ ಟ್ಯೂಬಿಫೆಕ್ಸ್. ಫೈಟರ್, ಏಂಜಲ್, ಗೌರಾಮಿ, ಗಪ್ಪಿ, ಯಾವುದರ ಮುಂದೆ ಹಾಕಿದರೂ ಉಳಿದದ್ದೆಲ್ಲ ಬಿಟ್ಟು ಅದಕ್ಕೇ ಮುಗಿಬೀಳುತ್ತವೆ. ಆದರೆ ಹೊರಗಿನಿಂದ ಹಿಡಿದು ತರುವುದಾದರೆ ಹುಳಕ್ಕಿಂತ ಮೊದಲು ಅದು ಬೆಳೆದ ನೀರನ್ನು ನೋಡಬೇಕು. ಮೊಯಿನಾ (ಕುಂಟೆ ನೀರಿನ ಪುಟ್ಟ ನೀರುಚಿಗಟ), ಸೊಳ್ಳೆಮರಿ, ಬ್ಲಡ್ ವರ್ಮ್ (ಕೆಸರಿನಲ್ಲಿರುವ ಕೆಂಪು ನೊಣಮರಿ), ಟ್ಯೂಬಿಫೆಕ್ಸ್ ನಾಲ್ಕನ್ನೂ ನಾವೇ ಹಿಡಿದು, ಒಂದೇ ಬಗೆಯ ಮೀನುಗಳಿಗೆ ಕೊಟ್ಟು ನೋಡಿದ ಮೇಲೆ ನಮ್ಮ ಪಟ್ಟಿ ಮೀನಿನ ಪಟ್ಟಿಗೆ ಹೆಚ್ಚುಕಡಿಮೆ ತಲೆಕೆಳಗಾಗಿದೆ. ಮೊದಲು ಮೊಯಿನಾ, ಆಮೇಲೆ ಸೊಳ್ಳೆಮರಿ, ಅಪರೂಪಕ್ಕೆ ಬ್ಲಡ್ ವರ್ಮ್. ಮೋರಿಯಿಂದ ಟ್ಯೂಬಿಫೆಕ್ಸ್ ತರುವುದನ್ನು ಬಿಟ್ಟೇಬಿಟ್ಟಿದ್ದೇವೆ.

ನಮ್ಮಲ್ಲಿ ಡಾಫ್ನಿಯಾ ಎಂದು ಕರೆಯುವುದು ಬಹುಪಾಲು ಮೊಯಿನಾವೇ. ನಿಜವಾದ ದೊಡ್ಡ ಡಾಫ್ನಿಯಾಕ್ಕೆ 18ರಿಂದ 22 ಡಿಗ್ರಿಯ ತಂಪು ನೀರು ಹಿತ. ಬಯಲುಸೀಮೆಯ ಬಿಸಿಲಿಗೆ ಕಾದ 28-30 ಡಿಗ್ರಿ ನೀರಿನಲ್ಲೂ ತುಂಬಿ ತುಳುಕುವುದು ಮೊಯಿನಾ. ಬೆಳೆದದ್ದು ಒಂದು ಮಿಲಿಮೀಟರ್ ಆಸುಪಾಸು, ಆಗತಾನೆ ಹುಟ್ಟಿದ್ದು ಅದರ ಅರ್ಧ. ಹಾಗಾಗಿ ಒಂದೇ ಹಿಡಿತದಲ್ಲಿ ಮರಿಮೀನಿಗೂ ದೊಡ್ಡ ಮೀನಿಗೂ ಊಟ ಸಿಗುತ್ತದೆ.

ಇದನ್ನು ಹುಡುಕಬೇಕಾದ್ದು ದೊಡ್ಡ ಕೆರೆಯಲ್ಲಲ್ಲ, ದನ ಇಳಿದು ನೀರು ಕುಡಿಯುವ ಗೋಕಟ್ಟೆಯಲ್ಲಿ, ಹೊಲದ ಅಂಚಿನ ಕುಂಟೆಯಲ್ಲಿ. ಸಗಣಿ ಕರಗಿದ ನೀರಿನಲ್ಲಿ ಬ್ಯಾಕ್ಟೀರಿಯಾ, ಹಸಿರು ಪಾಚಿ ಬೆಳೆಯುತ್ತವೆ. ಮೊಯಿನಾ ಅವನ್ನು ಸೋಸಿ ತಿಂದು ಬದುಕುತ್ತದೆ. ಆ ನೀರಿನಲ್ಲಿ ಮೀನು ಇರಬಾರದು. ಮೀನಿದ್ದರೆ ಮೊಯಿನಾ ಉಳಿಯುವುದಿಲ್ಲ ಎಂಬುದು ಒಂದು ಕಾರಣ; ಮೀನಿನ ಹೇನು, ಆಂಕರ್ ವರ್ಮ್‌ನಂಥ ಪರೋಪಜೀವಿಗಳಿಗೆ ಮೀನೇ ಮನೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಮೀನಿದೆಯೋ ಇಲ್ಲವೋ ಅನುಮಾನವಿದ್ದರೆ ಒಂದು ಹಿಡಿ ಪುರಿ ಎಸೆದು ಐದು ನಿಮಿಷ ನಿಂತು ನೋಡಿ. ಅಡಿಯಿಂದ ಯಾವುದಾದರೂ ಬಂದು ಕುಕ್ಕಿದರೆ ಮುಂದಿನ ಕುಂಟೆಗೆ ಹೋಗಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡಗಳಲ್ಲೂ ಮೊಯಿನಾ ಚೆನ್ನಾಗಿ ಬರುತ್ತದೆ. ಆದರೆ ಆ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಒಳಗೆ ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಸಿಗದು. ಒಬ್ಬರೇ ಹೋಗಬೇಡಿ, ಅಂಚಿಗೆ ಇಳಿಯಬೇಡಿ. ಹೊಲದವರನ್ನು ಕೇಳಿಯೇ ಬಲೆ ಹಾಕಿ. ಆಗಲೇ ಈಚೆಗೆ ಔಷಧಿ ಹೊಡೆದಿದ್ದಾರೆಯೇ ಎಂಬುದೂ ತಿಳಿಯುತ್ತದೆ. ಕೀಟನಾಶಕ ಸೇರಿದ ನೀರಿನಲ್ಲಿ ಮೊದಲು ಸಾಯುವುದೇ ಮೊಯಿನಾ. ಅದು ಜೀವಂತವಾಗಿ ಕುಣಿಯುತ್ತಿರುವ ನೀರು ಅಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹ. ಮೋರಿ ಹುಳದ ವಿಷಯದಲ್ಲಿ ಈ ಅನುಕೂಲ ಇಲ್ಲ, ಅದು ಯಾವ ಕೊಳಕಿನಲ್ಲೂ ಬದುಕುತ್ತದೆ.

ಬೆಳಿಗ್ಗೆ ಆರರಿಂದ ಏಳೂವರೆ ಒಳ್ಳೆಯ ಹೊತ್ತು. ಆಗ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಸಿಲೂ ಏರಿರುವುದಿಲ್ಲ, ಮೊಯಿನಾ ಮೇಲಕ್ಕೆ ಬಂದು ಇಟ್ಟಿಗೆ ಪುಡಿ ಕದಡಿದ ಹಾಗೆ ಕೆಂಪು ಮೋಡ ಕಟ್ಟಿರುತ್ತದೆ. ಆ ಕೆಂಪೂ ಆಮ್ಲಜನಕ ಸಾಲದೆ ಅದರ ಮೈಯಲ್ಲಿ ಹೆಚ್ಚಿದ ಹಿಮೋಗ್ಲೋಬಿನ್ನಿನದೇ. ಗಾಳಿ ಇದ್ದರೆ ಗಾಳಿ ತಳ್ಳುವ ಕಡೆಯ ಮೂಲೆ ನೋಡಿ. ಬಲೆಗೆ 20-25 ಸೆಂಟಿಮೀಟರ್ ಅಗಲದ ತಂತಿ ಬಳೆ, 40 ಸೆಂಟಿಮೀಟರ್ ಉದ್ದದ ಹಳೆಯ ತೆಳು ಪಂಚೆಯ ಚೀಲ, ಒಂದೂವರೆ ಮೀಟರ್ ಕೋಲು ಸಾಕು. ಚೀಲ ತುದಿಗೆ ಬರುತ್ತ ಕಿರಿದಾಗಿರಲಿ. ನೀರಿನಲ್ಲಿ ಎಂಟರ ಅಂಕಿ ಬರೆಯುವ ಹಾಗೆ ನಿಧಾನ ಆಡಿಸಬೇಕು. ಜೋರಾಗಿ ಎಳೆದರೆ ಹುಳ ಬಟ್ಟೆಗೆ ಒತ್ತಿ ಜಜ್ಜಿಹೋಗುತ್ತದೆ. ತಳಕ್ಕೆ ತಾಗಿದರೆ ಕೆಸರು ತುಂಬಿ ಅರ್ಧ ದಿನ ಸೋಸುವುದೇ ಕೆಲಸ.

ಹೊಸಬರು ಎಡವುವುದು ಹಿಡಿಯುವಾಗಲ್ಲ, ಮನೆಗೆ ತರುವಾಗ. ಸಿಕ್ಕಿತೆಂದು ಬಕೆಟ್ ತುಂಬ ತುಂಬಿಕೊಳ್ಳುತ್ತಾರೆ; ಮನೆ ಮುಟ್ಟುವಷ್ಟರಲ್ಲಿ ಅರ್ಧ ಸತ್ತು ತಳ ಸೇರಿ ವಾಸನೆ ಹಿಡಿದಿರುತ್ತದೆ. ಐದು ಲೀಟರ್ ನೀರಿಗೆ ನೀರು ಬಸಿದ ಮೊಯಿನಾ ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಬೇಡ. ಪಾತ್ರೆ ಅಗಲಬಾಯಿಯದಾಗಿರಲಿ, ಅರ್ಧದಷ್ಟೇ ತುಂಬಿ, ಸುತ್ತ ಒದ್ದೆ ಬಟ್ಟೆ ಸುತ್ತಿ. ಬ್ಯಾಟರಿಯ ಏರ್ ಪಂಪ್ ಇದ್ದರೆ ಗಾಳಿಯನ್ನು ದಪ್ಪ ಗುಳ್ಳೆಯಾಗಿ ಬಿಡಿ. ಪೈಪಿನ ತುದಿಗೆ ಹಾಕುವ ರಂಧ್ರದ ಕಲ್ಲು, ಏರ್ ಸ್ಟೋನ್‌ನ ನುಣ್ಣನೆ ಗುಳ್ಳೆ ಹುಳದ ಚಿಪ್ಪಿನೊಳಗೆ ಸಿಕ್ಕಿಕೊಂಡು ಅದನ್ನು ಮೇಲೆ ತೇಲಿಸಿ ಸಾಯಿಸುತ್ತದೆ.

ಮನೆಯಲ್ಲಿ ಮೊದಲು ಹಿಟ್ಟಿನ ಜರಡಿಗಿಂತ ದಪ್ಪ ಕಣ್ಣಿನ, ಎರಡು ಮಿಲಿಮೀಟರಿನ ಜಾಲರಿಯಲ್ಲಿ ಹಾಯಿಸಿ ಬಿಳಿ ಬೇಸಿನ್ನಿಗೆ ಸುರಿಯಿರಿ. ಏರೋಪ್ಲೇನ್ ಚಿಟ್ಟೆಯ ಮರಿ, ಇಕ್ಕಳದಂಥ ದವಡೆಯ ನೀರುಜೀರುಂಡೆ ಮರಿ, ಜಿಗಣೆ ಮೇಲೆಯೇ ಉಳಿಯುತ್ತವೆ. ಇವುಗಳಲ್ಲಿ ಒಂದು ಒಳಗೆ ಹೋದರೂ ಮರಿಮೀನುಗಳನ್ನು ಒಂದೊಂದಾಗಿ ಮುಗಿಸುತ್ತದೆ. ಹತ್ತು ನಿಮಿಷ ಬಿಟ್ಟು ಬೇಸಿನ್ನಿನ ಒಂದು ಬದಿಗೆ ಟಾರ್ಚ್ ಇಟ್ಟರೆ ಜೀವ ಇರುವ ಮೊಯಿನಾ ಬೆಳಕಿನತ್ತ ಗುಂಪುಗೂಡುತ್ತದೆ, ಸತ್ತದ್ದು ಮತ್ತು ಕಸ ಹಿಂದುಳಿಯುತ್ತದೆ. ಗಾಳಿ ಪೈಪಿನಿಂದ ಆ ಗುಂಪನ್ನಷ್ಟೇ ಬಟ್ಟೆಗೆ ಎಳೆದುಕೊಂಡು ಕ್ಲೋರಿನ್ ಇಲ್ಲದ ನೀರಿನಲ್ಲಿ ಎರಡು ಸಲ ಜಾಲಾಡಿ. ಕುಂಟೆಯ ನೀರು ಮೀನಿನ ತೊಟ್ಟಿಗೆ ಒಂದು ಹನಿಯೂ ಹೋಗಬಾರದು.

ಒಂದು ಚಮಚ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಕಿಟಕಿಗೆ ಹಿಡಿದು ನೋಡುವುದನ್ನು ತಪ್ಪಿಸಬೇಡಿ. ಮೊಯಿನಾ ಚಿಮ್ಮಿ ಚಿಮ್ಮಿ ಏರುತ್ತದೆ, ಮೈ ಪಾರದರ್ಶಕ, ನಡುವೆ ಹಸಿರು ಕರುಳಿನ ಗೆರೆ, ಬೆನ್ನಿನಲ್ಲಿ ದುಂಡನೆ ಮೊಟ್ಟೆಗಳು. ಆ ಮೊಟ್ಟೆಗಳ ಜಾಗದಲ್ಲಿ ಕಂದು ಬಣ್ಣದ ಗಟ್ಟಿ ತಡಿ ಕಂಡರೆ, ಕುದುರೆಯ ಬೆನ್ನಿಗೆ ಬಿಗಿದ ಹಾಗೆ, ಕುಂಟೆಗೆ ಕಷ್ಟ ಬಂದಿದೆ ಎಂದರ್ಥ. ಆಹಾರ ಸಾಲದೆ, ಜಾಗ ಸಾಲದೆ ಹುಳ ಒಣಗಿದರೂ ಉಳಿಯುವ ಮೊಟ್ಟೆ ಇಡುತ್ತಿದೆ. ಅಂಥ ಕುಂಟೆ ಸ್ವಲ್ಪ ದಿನದಲ್ಲೇ ಬರಿದಾಗುವ ಸಂಭವ ಹೆಚ್ಚು, ಬೇರೆ ಜಾಗ ನೋಡಿಕೊಂಡಿರಿ. ಲೋಟದಲ್ಲಿ ಬಾಲದ ಬಳಿ ಎರಡು ಮೊಟ್ಟೆಚೀಲ ನೇತುಹಾಕಿಕೊಂಡು ಸರ್ರನೆ ಜಾರುವ ಹುಳ ಇದ್ದರೆ ಅದು ಸೈಕ್ಲೋಪ್ಸ್. ದೊಡ್ಡ ಮೀನಿಗೆ ಅದೂ ಊಟವೇ, ಆದರೆ ಆಗತಾನೆ ಒಡೆದ ಮರಿಗಳಿಗೆ ಕಚ್ಚುತ್ತದೆ. ಮೀನಿರುವ ನೀರಿನಿಂದ ಬಂದದ್ದಾದರೆ ಗಪ್ಪಿಯ ಗುದದ್ವಾರದಿಂದ ಕೆಂಪು ದಾರದ ಹಾಗೆ ಇಣುಕುವ ಕೆಮಲಾನಸ್ ಹುಳವನ್ನೂ ಹೊತ್ತು ತರಬಲ್ಲದು. (ಹಿಂದೆ ಮೆಟ್ಟಿಲುಬಾವಿಯ ನೀರು ಕುಡಿದವರಿಗೆ ನಾರುಹುಣ್ಣು ಬರುತ್ತಿದ್ದದ್ದೂ ಸೈಕ್ಲೋಪ್ಸ್ ಮೂಲಕವೇ. ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2000ದಲ್ಲಿ.)

ಮೊಯಿನಾದ ದೊಡ್ಡ ಗುಣ, ತಿಂದು ಉಳಿದದ್ದು ತೊಟ್ಟಿಯಲ್ಲಿ ಜೀವಂತ ಈಜುತ್ತಲೇ ಇರುತ್ತದೆ, ನೀರು ಕೆಡುವುದಿಲ್ಲ. ಕೊರತೆ ಎಂದರೆ ಮೈತುಂಬ ನೀರೇ. ಅದೊಂದನ್ನೇ ತಿನ್ನಿಸಿದರೆ ಏಂಜಲ್‌ನಂಥ ಮೀನು ಮೈ ತುಂಬಿಕೊಳ್ಳುವುದಿಲ್ಲ.

ಆ ಕೊರತೆ ತುಂಬುವುದು ಸೊಳ್ಳೆಮರಿ. ಮರಿ ಹಾಕಿಸಬೇಕಾದ ಫೈಟರ್ ಜೋಡಿಗೆ ಹತ್ತು ದಿನ ಸೊಳ್ಳೆಮರಿ ಕೊಟ್ಟರೆ ಹೆಣ್ಣಿನ ಹೊಟ್ಟೆ ತುಂಬುವ ರೀತಿ ಕಣ್ಣಿಗೆ ಕಾಣುತ್ತದೆ; ಮೊಯಿನಾ ಅಷ್ಟು ಕೆಲಸ ಮಾಡುವುದಿಲ್ಲ. ಕುಂಟೆಗೆ ಹೋಗುವ ಗೋಜಿಲ್ಲ, ಮನೆಯ ಹಿತ್ತಲೇ ಸಾಕು. ಆದರೆ ಜವಾಬ್ದಾರಿ ಮೊಯಿನಾಕ್ಕಿಂತ ಹತ್ತು ಪಟ್ಟು. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡವನ್ನೂ ವಿಧಿಸಿತು. ದಂಡದ ಮಾತು ಹಾಗಿರಲಿ, ಪಕ್ಕದ ಮನೆಯ ಮಗುವಿಗೆ ಜ್ವರ ಬರುವ ಹಾಗೆ ಮೀನು ಸಾಕಬಾರದು. ಹಾಗಾಗಿ ತೆರೆದ ಬಕೆಟ್ಟಿನಲ್ಲಿ ಮರಿ ಬೆಳೆಸುವ ಹಳೆಯ ಪದ್ಧತಿಯನ್ನು ನಾವು ಒಪ್ಪುವುದಿಲ್ಲ.

ಸರಿಯಾದ ದಾರಿ ಮೊಟ್ಟೆಯನ್ನಷ್ಟೇ ಹಿಡಿಯುವುದು. ಕಪ್ಪು ಬಕೆಟ್ಟಿಗೆ ಎಂಟು ಲೀಟರ್ ನೀರು, ಒಂದು ಹಿಡಿ ಒಣಹುಲ್ಲು ಹಾಕಿ ನೆರಳಿನಲ್ಲಿ ಇಡಿ. ಎರಡು ಮೂರು ದಿನದಲ್ಲಿ ಹುಲ್ಲು ಕೊಳೆತ ವಾಸನೆಗೆ ಕ್ಯೂಲೆಕ್ಸ್ ಸೊಳ್ಳೆ ಬಂದು ರಾತ್ರಿ ಮೊಟ್ಟೆ ಇಡುತ್ತದೆ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಮಸಿಯ ಚುಕ್ಕೆ ಬಿದ್ದಂತೆ ಕಾಣುತ್ತದೆ. ಹತ್ತಿರ ಬಗ್ಗಿದರೆ ಅದು ಐದಾರು ಮಿಲಿಮೀಟರ್ ಉದ್ದದ ಪುಟ್ಟ ತೆಪ್ಪ, ಮಧ್ಯ ತಗ್ಗು, ತುದಿ ಎತ್ತರ, ನೂರರಿಂದ ಮುನ್ನೂರು ಮೊಟ್ಟೆ ನೆಟ್ಟಗೆ ಜೋಡಿಸಿ ಅಂಟಿಸಿದ್ದು. ಚಮಚದಲ್ಲಿ ಎತ್ತಿ, ಬಾಯಿಗೆ ಸೊಳ್ಳೆಪರದೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿದ ಡಬ್ಬಿಗೆ ಹಾಕಿ. ಒಂದೂವರೆ ದಿನದೊಳಗೆ ಒಡೆಯುತ್ತದೆ. ಮೊದಲ ದಿನದ ಮರಿ ಈಜಲು ಕಲಿತ ಗೌರಾಮಿ ಮರಿಗೆ ದೊಡ್ಡದಾಯಿತು. ಗಪ್ಪಿ ಮರಿಗೆ ಸರಿಯಾಗುತ್ತದೆ. ನಾಲ್ಕೈದು ದಿನ ಬೆಳೆಸಿದರೆ ದೊಡ್ಡ ಮೀನಿಗೆ.

ತಪ್ಪಾಗುವುದು ಮೂರು ಕಡೆ. ತೆಪ್ಪ ಎತ್ತುವುದನ್ನು ಒಂದು ದಿನ ಮರೆತರೆ ಬಕೆಟ್ಟಿನಲ್ಲೇ ಮರಿ ಒಡೆಯುತ್ತದೆ. ನಮ್ಮ ಬಿಸಿಲಿಗೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ನಾಲ್ಕನೇ ದಿನ ಬಕೆಟ್ಟನ್ನು ಏನೇ ಆದರೂ ಟೀ ಜಾಲರಿಯ ಮೂಲಕ ಒಣನೆಲಕ್ಕೆ ಖಾಲಿ ಮಾಡಲೇಬೇಕು. ಎರಡನೆಯದು, ಡೆಂಗಿ ಹರಡುವ ಈಡಿಸ್ ತೆಪ್ಪ ಕಟ್ಟುವುದಿಲ್ಲ. ನೀರಿನ ಅಂಚಿನ ಗೋಡೆಗೆ ಬಿಡಿಬಿಡಿ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿ ತಿಂಗಳುಗಟ್ಟಲೆ ಇದ್ದು ನೀರು ಬಿದ್ದಾಗ ಒಡೆಯುತ್ತವೆ. ಬಕೆಟ್ ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು. ಮೂರನೆಯದು, ತೊಟ್ಟಿಗೆ ಹೆಚ್ಚು ಸುರಿಯುವುದು. ಐದು ನಿಮಿಷದಲ್ಲಿ ಮುಗಿಯುವಷ್ಟೇ ಕೊಡಿ, ಅಲ್ಪವಿರಾಮದಂತೆ ಬಾಗಿದ ಕೋಶಗಳಿದ್ದರೆ (ಮರಿ ಸೊಳ್ಳೆಯಾಗುವ ಮುಂಚಿನ ಹಂತ) ಅವನ್ನು ಮೊದಲು ಕೊಡಿ, ಎರಡು ದಿನದಲ್ಲಿ ಅವು ಹಾರುತ್ತವೆ. ರಸ್ತೆ ಚರಂಡಿಯ ಸೊಳ್ಳೆಮರಿ ಮಾತ್ರ ಯಾವತ್ತೂ ಬೇಡ. ಅಲ್ಲಿ ಸೊಳ್ಳೆಮರಿ ಕೊಲ್ಲುವ ಟೆಮಿಫಾಸ್‌ನಂಥ ಔಷಧಿ ಹೊಡೆದಿರುವ ಸಾಧ್ಯತೆ ಸದಾ ಇರುತ್ತದೆ.

ಬ್ಲಡ್ ವರ್ಮ್, ಅಂದರೆ ಕಚ್ಚದ ಕೈರೊನೊಮಸ್ ನೊಣದ ಮರಿ, ಹಳೆಯ ಸಿಮೆಂಟ್ ತೊಟ್ಟಿಯ ತಳದ ಕೆಸರಿನಲ್ಲಿ ಸಣ್ಣ ಮಣ್ಣಿನ ಗೂಡು ಕಟ್ಟಿಕೊಂಡಿರುತ್ತದೆ. ಕೆಸರನ್ನು ಜಾಲರಿಯಲ್ಲಿ ಹಾಕಿ ನೀರಿನಲ್ಲಿ ಅಲ್ಲಾಡಿಸಿದರೆ ಕೆಂಪಗೆ ಉಳಿಯುತ್ತದೆ. ಮೀನಿಗೆ ಬಹಳ ಇಷ್ಟ, ಮೋರಿ ಹುಳಕ್ಕಿಂತ ಶುದ್ಧ. ಆದರೆ ಒಂದು ಗಂಟೆ ಜಾಲಾಡಿದರೂ ಒಂದು ಚಮಚ ಸಿಗುವುದು ಕಷ್ಟ. ಬರಿಗೈಯಲ್ಲಿ ಮುಟ್ಟಬೇಡಿ, ಅದರ ಹಿಮೋಗ್ಲೋಬಿನ್ ಕೆಲವರಿಗೆ ಅಲರ್ಜಿ ತರುತ್ತದೆ: ಬೆರಳು ತುರಿಕೆ, ಕಣ್ಣಲ್ಲಿ ನೀರು, ಉಬ್ಬಸ.

ಇನ್ನು ಟ್ಯೂಬಿಫೆಕ್ಸ್. ಹಿಡಿಯುವುದು ಎಲ್ಲಕ್ಕಿಂತ ಸುಲಭ. ಹರಿಯುವ ಮೋರಿಯ ತಳದಲ್ಲಿ ತಲೆ ಕೆಸರಿಗೆ, ಬಾಲ ಮೇಲಕ್ಕೆ ಮಾಡಿ ಕೆಂಪು ಚಾಪೆಯ ಹಾಗೆ ಅಲುಗಾಡುತ್ತಿರುತ್ತದೆ. ಕೆಸರು ಸಮೇತ ಬಕೆಟ್ಟಿಗೆ ಹಾಕಿ ಮೇಲೆ ಒಂದು ಬಟ್ಟೆ ಹಾಸಿ ಬಿಟ್ಟರೆ, ಒಳಗೆ ಆಮ್ಲಜನಕ ಮುಗಿದು ಹುಳ ತಾನಾಗಿ ಬಟ್ಟೆಯ ಮೇಲೆ ಉಂಡೆಯಾಗಿ ಬರುತ್ತದೆ. ಆಮೇಲೆ ಎರಡು ಸೆಂಟಿಮೀಟರ್ ನೀರಿನ ತಟ್ಟೆಯಲ್ಲಿ ಸಣ್ಣಗೆ ನೀರು ಹರಿಸುತ್ತ, ದಿನಕ್ಕೆ ಮೂರು ನಾಲ್ಕು ಸಲ ಉಂಡೆ ಬಿಡಿಸಿ ನಡುವಿನ ಬೂದುಬಣ್ಣದ ಸತ್ತ ಹುಳ ತೆಗೆಯುತ್ತ, ಕಡಿಮೆಯೆಂದರೆ ಐದು ದಿನ ಇಡಬೇಕು. ಇಷ್ಟೆಲ್ಲ ಮಾಡಿದರೂ ಖಾಲಿಯಾಗುವುದು ಹುಳದ ಕರುಳು ಮಾತ್ರ. ಬೆಂಗಳೂರಿನ ವೃಷಭಾವತಿಯಂಥ, ಕಾರ್ಖಾನೆ ನೀರು ಸೇರುವ ಹೊಳೆ, ರಾಜಕಾಲುವೆಗಳ ಕೆಸರಿನಲ್ಲಿರುವ ಭಾರಲೋಹ ಹುಳದ ಮೈಯೊಳಗೆ ಸೇರಿದ್ದರೆ ಐದು ದಿನದ ನೀರಿಗೆ ಹೋಗುವುದಿಲ್ಲ. ಹಿಡಿಯುವವರಿಗೂ ಅಪಾಯ: ಇಲಿ ಓಡಾಡುವ ಮೋರಿಯಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರ ಬರಬಹುದು. ತೊಟ್ಟಿಯಲ್ಲೂ ತಿನ್ನದೆ ಉಳಿದದ್ದು ಜಲ್ಲಿಯೊಳಗೆ ನುಗ್ಗಿ ಸತ್ತು ಕೊಳೆಯುತ್ತದೆ. ಮೀನಿಗೆ ಇಷ್ಟ ಎಂಬ ಒಂದೇ ಗುಣಕ್ಕೆ ಇಷ್ಟು ಬೆಲೆ ಕೊಡುವುದು ನಮಗೆ ಒಪ್ಪಿಗೆಯಿಲ್ಲ.

ಆಸ್ಕರ್‌ನಂಥ ದೊಡ್ಡ ಮೀನಿಗೆ ಇವ್ಯಾವುದೂ ಸಾಲದು. ತೋಟದ ಎರೆಹುಳ ತಂದು, ಒಂದು ದಿನ ಒದ್ದೆ ಕಾಗದದಲ್ಲಿಟ್ಟು ಮಣ್ಣು ಹೊರಹೋದ ಮೇಲೆ ಕತ್ತರಿಸಿ ಕೊಡಿ. ಗೊಬ್ಬರದ ಗುಂಡಿಯ ಪಟ್ಟೆಪಟ್ಟೆ ಎರೆಹುಳ ಹಳದಿ ಕಹಿ ರಸ ಬಿಡುತ್ತದೆ, ಬಹಳ ಮೀನು ಉಗುಳಿಬಿಡುತ್ತವೆ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆ ಗೆದ್ದಲು ಬಲು ಕೊಬ್ಬಿನದು, ವಾರಕ್ಕೊಮ್ಮೆ ನಾಲ್ಕಾರು ಸಾಕು.

ಮೊಯಿನಾ ಬೇಕು, ಆದರೆ ಕುಂಟೆಯ ನೀರಿನ ಭಯ ಬಿಡದು ಎನ್ನುವವರಿಗೆ ಬೇಸಿಗೆಯೇ ಸುಗ್ಗಿ. ಏಪ್ರಿಲ್‌ನಲ್ಲಿ ಪೂರ್ತಿ ಒಣಗಿ ಬಿರುಕುಬಿಟ್ಟ ಗೋಕಟ್ಟೆಯ ತಗ್ಗಿನಿಂದ ಮೇಲ್ಪದರದ ಮಣ್ಣು ಎರಡು ಹಿಡಿ ಕೆರೆದು ಕಾಗದದ ಚೀಲದಲ್ಲಿ ತನ್ನಿ. ಆ ಕಂದು ತಡಿಯ ಮೊಟ್ಟೆಗಳು ಅದರಲ್ಲೇ ಇರುತ್ತವೆ, ಮೀನಿನ ಪರೋಪಜೀವಿ ಅಷ್ಟು ಒಣಗಿ ಉಳಿಯುವುದು ಕಷ್ಟ. ಬಿಸಿಲು ತಾಗುವ ಟಬ್ಬಿನಲ್ಲಿ ಇಪ್ಪತ್ತು ಲೀಟರ್ ಮಳೆನೀರಿಗೆ ಈ ಮಣ್ಣು ಹಾಕಿ, ಸೊಳ್ಳೆಪರದೆ ಬಿಗಿಯಾಗಿ ಕಟ್ಟಿ. ಕೆಲವು ದಿನಗಳಲ್ಲಿ ನೀರು ಹಸಿರಾಗುತ್ತಿದ್ದಂತೆ, ಬೆಳಿಗ್ಗೆ ಟಾರ್ಚ್ ಹಿಡಿದರೆ ಮೊದಲ ಚಿಮ್ಮುವ ಚುಕ್ಕೆಗಳು ಕಾಣುತ್ತವೆ. ಆ ಮೊದಲ ವಾರ ಒಂದನ್ನೂ ತೆಗೆಯಬೇಡಿ.